ಹಿಟ್ಟು ಕೆರೆದ ಕಾರ್ಡು

ಆ ಕಾರ್ಡನ್ನು ಯಾರೂ ನನ್ನಿಂದ ಮುಚ್ಚಿಟ್ಟಿರಲಿಲ್ಲ. ನನ್ನ ಕೈಗೇ ಕೊಟ್ಟಿದ್ದರು, ಅದು ಯಾತಕ್ಕೆ ಬರುತ್ತದೆ ಅಂತ ಹೇಳಿಯೂ ಇದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ಹನ್ನೆರಡು ವರ್ಷ ಅದರಿಂದ ಚಪಾತಿ ಹಿಟ್ಟು ನಾದುವ ಪರಾತಕ್ಕೆ ಅಂಟಿದ ಹಿಟ್ಟು ಕೆರೆದೆ. ನಡೆದದ್ದು ಇಷ್ಟೇ. ಇದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ, ದಡ್ಡಿ ಒಬ್ಬಳಿದ್ದಾಳೆ.

ಬರೆದಿಡಿ ಎಂದು ಗಂಟುಬಿದ್ದವಳು ರೆಹಾನಾ. ನಾನು ಬಿಟ್ಟ ಕೆಲಸಕ್ಕೆ ಬಂದ ಹೊಸ ಅಡುಗೆಯವಳು, ನಮ್ಮ ಮೂಡಲಗಿಯವಳೇ, ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. "ಖಾಲಾ, ನೀವು ಮಾಡಿದ್ ತಪ್ಪು ನಾವೂ ಮಾಡೋದ್ ಬ್ಯಾಡ. ಬರದ್ ಕೊಡ್ರಿ, ನನ್ನ ಹಿಂದ ಬರೋರಿಗೂ ಬೇಕಾಗತೈತಿ" ಎಂದಳು. ನಾನು ಓದಿದ್ದು ಮೂಡಲಗಿಯ ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆವರೆಗೆ. ಒತ್ತಕ್ಷರ ತಪ್ಪಿದ್ದರೆ ರೆಹಾನಾ ತಿದ್ದಿರುತ್ತಾಳೆ, ತಿದ್ದಿರದಿದ್ದರೆ ಅವಳನ್ನೇ ಬೈಯಿರಿ.

ನನ್ನ ಕೆಲಸ ಏನಿತ್ತು ಅಂದರೆ, ಉಮ್ರಾ ಯಾತ್ರೆಗೆ ಮಕ್ಕಾ ಮದೀನಾಕ್ಕೆ ಹೋಗುವ ಮಂದಿಯ ಜೊತೆ ಹೋಗಿ ಅಲ್ಲಿ ಅಡುಗೆ ಮಾಡುವುದು. ಗೋಕಾಕದಲ್ಲಿ ಇಂಥ ಯಾತ್ರೆಗೆ ಕರೆದುಕೊಂಡು ಹೋಗುವ ಆಫೀಸೊಂದಿತ್ತು. ಅದರ ಮಾಲೀಕರನ್ನು ನಾವೆಲ್ಲ ಹಾಜಿಸಾಬ್ ಎನ್ನುತ್ತಿದ್ದೆವು. ಒಂದು ಸಲಕ್ಕೆ ನಲವತ್ತು, ನಲವತ್ತೈದು ಮಂದಿ, ಹದಿನೈದು ದಿನ. ನಮ್ಮವರು ಅಲ್ಲಿಯ ಊಟವನ್ನು ಎರಡು ದಿನ ಹೊಗಳುತ್ತಾರೆ, ಮೂರನೇ ದಿನ ಖಾರ ಕೇಳುತ್ತಾರೆ. ಅದಕ್ಕೇ ಅಡುಗೆಯವರು ಬೇಕು. ನಾನು ಮದುವೆ ಮನೆಗಳಲ್ಲಿ ಬಿರಿಯಾನಿ ಮಾಡುತ್ತಿದ್ದವಳು. ಮೂಡಲಗಿಯ ಒಂದು ಮದುವೆಯಲ್ಲಿ ಹಾಜಿಸಾಬ್ ಊಟ ಮಾಡಿ, ಕೈ ತೊಳೆಯುವುದಕ್ಕೂ ಮೊದಲು ಅಡುಗೆ ಚಪ್ಪರಕ್ಕೆ ಬಂದು, "ಮೌಲಾಬಿ, ಪಾಸ್‌ಪೋರ್ಟ್ ಮಾಡಸ್ತೀಯೇನು?" ಎಂದು ಕೇಳಿದರು. ನನ್ನ ಗಂಡನೂ ಸಾಮಾನು ಎತ್ತಲು ಜೊತೆಗೆ ಬರಬಹುದು ಎಂದರು. ಇಬ್ಬರೂ ಹೊರಟೆವು.

ಇಬ್ಬರೂ ಹೊರಟರೆ ಮನೆಯಲ್ಲಿದ್ದ ಮೂರು ಮಕ್ಕಳು ಯಾರ ಕಡೆ? ಹುಕ್ಕೇರಿಯಲ್ಲಿ ನನ್ನ ಅಕ್ಕ ದಾವಲಬಿ ಇದ್ದಳು. ಮಕ್ಕಳನ್ನು ಅವಳ ಬಾಗಿಲಲ್ಲಿ ಇಳಿಸಿ, ಅದೇ ಗಾಡಿಯಲ್ಲಿ ನಾವು ಮುಂಬೈ ಬಸ್ಸು ಹಿಡಿಯಲು ಸಂಕೇಶ್ವರಕ್ಕೆ ಹೋಗುತ್ತಿದ್ದೆವು. ಪ್ರತಿ ಸಲ ನಾನು, "ಮುಂದಿನ ಸಲ ನೀನೂ ಬಾ ಅಕ್ಕಾ" ಎನ್ನುತ್ತಿದ್ದೆ. ಅವಳು, "ಹೋಗ್ ಮೊದ್ಲ, ಬಸ್ ತಪ್ಪತೈತಿ" ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ನಾನು ಕಾಬಾ ನೋಡಿ ನೋಡಿ ಬಂದೆ. ಅವಳು ನನ್ನ ಮಕ್ಕಳನ್ನು ನೋಡಿಕೊಂಡಳು, ಆಮೇಲೆ ತನ್ನ ಮೊಮ್ಮಕ್ಕಳನ್ನು. ಆರು ವರ್ಷದ ಹಿಂದೆ ನಾನೇ ಜಗಳಾಡಿ ಅವಳಿಗೆ ಪಾಸ್‌ಪೋರ್ಟ್ ಮಾಡಿಸಿದೆ. ಅದು ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಮಲಗಿತ್ತು. ಈ ಸಂಗತಿ ನೆನಪಿನಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮೊದಲ ವಿಮಾನದ ಮಾತು. ಕೈಚೀಲದಲ್ಲಿ ಬೆಲೆಬಾಳುವ ಸಾಮಾನು ಇಟ್ಟುಕೊಳ್ಳಬೇಕು ಎಂದು ಆಫೀಸಿನಲ್ಲಿ ಹೇಳಿದ್ದರು. ನನಗೆ ಬೆಲೆಬಾಳುವುದು ಯಾವುದು? ನನ್ನ ಎರಡು ಚಾಕು ಮತ್ತು ನನ್ನ ಅತ್ತೆ ಕೊಟ್ಟ ಲಟ್ಟಣಿಗೆ. ಮುಂಬೈ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ಚೀಲ ಬಿಚ್ಚಿ ಲಟ್ಟಣಿಗೆಯನ್ನು ಮೇಲೆತ್ತಿ, "ಯೇ ಕ್ಯಾ ಹೈ?" ಎಂದಳು. "ಬೇಲನ್" ಎಂದೆ. "ಬೇಲನ್ ಮುಝೆ ಭೀ ಮಾಲೂಮ್ ಹೈ. ಇಸ್ಸೆ ಕಿಸ್ಕೋ ಮಾರೋಗಿ?" ಎಂದಳು. ನನ್ನ ಗಂಡ ಹಿಂದಿನಿಂದ, "ಮನ್ಯಾಗ ನನಗ ಹೊಡೀತಾಳ, ಅಲ್ಲಿ ಯಾರಿಗೆ ಹೊಡೀತಾಳೋ ಗೊತ್ತಿಲ್ರಿ" ಎಂದು ಕನ್ನಡದಲ್ಲಿ ಹೇಳಿದ. ಅವಳಿಗೆ ತಿಳಿಯಲಿಲ್ಲ, ಪುಣ್ಯ. ಚಾಕುಗಳ ಹಿಂದೆ ಲಟ್ಟಣಿಗೆಯೂ ಅವಳ ಡಬ್ಬಿಗೆ ಬಿತ್ತು. ಹದಿನೈದು ದಿನ ಮಕ್ಕಾದಲ್ಲಿ ಸ್ಟೀಲಿನ ಗ್ಲಾಸು ಉರುಳಿಸಿ ಚಪಾತಿ ಮಾಡಿದೆ. ಅಂಚು ಒಡೆದ ಚಪಾತಿ. ತಿಂದವರು ಮೊದಮೊದಲು ಏನೂ ಅನ್ನಲಿಲ್ಲ, ಯಾತ್ರೆಗೆ ಬಂದವರು ಮೊದಲ ಎರಡು ದಿನ ಬಹಳ ಒಳ್ಳೆಯವರಾಗಿರುತ್ತಾರೆ.

ಎರಡನೇ ತಪ್ಪು ಖಾರದಪುಡಿಯದು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅಡುಗೆ ಸಾಮಾನಿನ ತೂಕವೇ ಬಹಳ, ಅಡುಗೆಯವರಿಬ್ಬರ ಚೀಲದಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಯಾತ್ರೆಯ ಒಬ್ಬೊಬ್ಬರ ಚೀಲದಲ್ಲೂ ಒಂದೊಂದು ಪೊಟ್ಟಣ ಹಾಕಿಸುತ್ತಿದ್ದೆವು. ನಾನು ಬುದ್ಧಿವಂತಿಕೆ ಮಾಡಿ, ಹುಡುಕಲು ಸಸಾರ ಆಗಲಿ ಅಂತ ಖಾರದಪುಡಿಯನ್ನೆಲ್ಲ ಸಂಕೇಶ್ವರದ ಒಬ್ಬ ಶಿಕ್ಷಕರ ಚೀಲದಲ್ಲಿ ತುಂಬಿದೆ. ಜೆಡ್ಡಾದಲ್ಲಿ ಎಲ್ಲರ ಚೀಲವೂ ಬಂತು, ಶಿಕ್ಷಕರದು ಮುಂಬೈಯಲ್ಲೇ ಉಳಿಯಿತು. ಎರಡು ದಿನ ನಲವತ್ತು ಮಂದಿ ಹಳದಿ ಸಾರು ಉಂಡರು. ಶಿಕ್ಷಕರು ಉಟ್ಟ ಬಟ್ಟೆಯಲ್ಲೇ ಇದ್ದರು, ಅವರನ್ನು ಪಾಪ ಅಂದವರು ಯಾರೂ ಇಲ್ಲ, ಎಲ್ಲರೂ ಕೇಳಿದ್ದು "ಖಾರ ಬಂತೇನ್ರಿ?" ಅಂತ. ಆಮೇಲೆ ನಾನು ಯಾವ ಸಾಮಾನನ್ನೂ ಪೂರ್ತಿ ಒಬ್ಬರ ಚೀಲದಲ್ಲಿ ಇಟ್ಟಿಲ್ಲ. ನೀವೂ ಇಡಬೇಡಿ. ಬಟ್ಟೆಗೂ ಇದೇ ಮಾತು: ಗಂಡ ಹೆಂಡತಿ ಹೋಗುತ್ತಿದ್ದರೆ ಒಬ್ಬರ ಒಂದು ಜೋಡಿ ಇನ್ನೊಬ್ಬರ ಚೀಲದಲ್ಲಿರಲಿ.

ಆಫೀಸಿನಲ್ಲಿ ಟಿಕೇಟು ನೋಡುತ್ತಿದ್ದವನು ಮಲ್ಲಪ್ಪ. ಮಾತು ಕಡಿಮೆ, ಲೆಕ್ಕ ಪಕ್ಕಾ. ಉಮ್ರಾ ಆಫೀಸಿನಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು ಕೂರುತ್ತಿದ್ದ, ಯಾರಿಗೂ ಅದು ವಿಶೇಷ ಅನ್ನಿಸಿರಲಿಲ್ಲ. ಅವನಿಗೂ ಹಾಜಿಸಾಬರಿಗೂ ಪ್ರತಿ ಸಲ ಒಂದೇ ಜಗಳ. ಹಾಜಿಸಾಬರಿಗೆ ಸಸ್ತಾ ಟಿಕೇಟು ಬೇಕು. ಮಲ್ಲಪ್ಪನದು ಬೇರೆ ಹಟ: "ಟಿಕೇಟಿನ ರೇಟ್ ನೋಡಬ್ಯಾಡ್ರಿ, ಮನಿ ಬಿಟ್ಟಾಗಿಂದ ಮುಟ್ಟೂತನ ಎಷ್ಟು ತಾಸು ಅನ್ನೂದು ನೋಡ್ರಿ."

ಒಂದು ವರ್ಷ ಹಾಜಿಸಾಬ್ ಗೆದ್ದರು. ಎರಡು ಕಡೆ ಇಳಿದು ಹತ್ತುವ ಟಿಕೇಟು ತೆಗೆದರು, ಅದೊಂದೇ ಸಲ ಅಡುಗೆಯವರಿಗೂ ಮಂದಿಯ ಜೊತೆಗೇ. ಹೋಗುವಾಗ ಸರಿಹೋಯಿತು. ಬರುವಾಗ ನಡುವಿನ ಒಂದು ನಿಲ್ದಾಣದಲ್ಲಿ ಹದಿನಾಲ್ಕು ತಾಸು ಕೂತೆವು. ಅಲ್ಲಿ ಒಂದು ಚಹಾದ ಬೆಲೆ ಕೇಳಿ ನಮ್ಮ ಮಂದಿ ಬಾಯಾರಿಕೆಯನ್ನೇ ಮರೆತರು. ಘಟಪ್ರಭಾದ ಒಬ್ಬ ಮುದುಕರು ಶೌಚಾಲಯ ಹುಡುಕುತ್ತಾ ಹೋಗಿ ಬೇರೆ ಯಾವುದೋ ದೇಶಕ್ಕೆ ಹೋಗುವ ಸಾಲಿನಲ್ಲಿ ನಿಂತಿದ್ದರು. ನಾನೇ ಕೈಹಿಡಿದು ಎಳೆದುಕೊಂಡು ಬಂದೆ. ನನ್ನ ಕೈಚೀಲದಲ್ಲಿ ಉಳಿದಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ತೆಗೆದು ಎಲ್ಲರಿಗೂ ಅರ್ಧರ್ಧ ಹಂಚಿದೆ. ಹಾಜಿಸಾಬರಿಗೂ ಅರ್ಧವೇ. ಅವರು ಅದನ್ನು ಕಡಿಯುತ್ತಾ, "ಮೌಲಾಬಿ, ಇದು ಸಸ್ತಾ ಬಿದ್ದಿಲ್ಲ ನೋಡ್" ಎಂದರು.

"ಮಲ್ಲಪ್ಪಗ ಹೇಳಲೇನ್ರಿ?"

"ಬ್ಯಾಡ. ಅವ್ನ ಮುಖ ನೋಡಾಕ ಆಗಂಗಿಲ್ಲ."

ಅಂದಿನಿಂದ ಒಂದೇ ಕಂಪನಿಯ, ನೆಟ್ಟಗೆ ಹೋಗುವ ವಿಮಾನ. ಇದರಿಂದ ನನಗೆ ಏನು ಲಾಭವಾಯಿತು ಅನ್ನುವುದು ಗೊತ್ತಾಗಲು ನಾನು ಮುದುಕಿಯಾಗಬೇಕಾಯಿತು.

ಕಾರ್ಡು ಬಂದದ್ದು ಆ ಕಾಲದಲ್ಲೇ. ಯಾತ್ರೆಗೆ ಹೊರಡುವ ನಾಲ್ಕು ದಿನ ಮುಂಚೆ ಆಫೀಸಿನ ಹಿತ್ತಲಲ್ಲಿ ಎಲ್ಲರಿಗೂ ಊಟ ಹಾಕುವ ರೂಢಿ. ನಾನು ಉಳ್ಳಾಗಡ್ಡಿ ಹುರಿಯುತ್ತಿದ್ದೆ. ಮಲ್ಲಪ್ಪ ಲಕೋಟೆ ಹಿಡಿದುಕೊಂಡು ಬಂದು ಹೊಗೆಯಲ್ಲಿ ನಿಂತ.

"ಖಾಲಾರೀ, ಇದನ್ನ ಇಟ್ಕೋರಿ. ಈ ಕಂಪನಿ ವಿಮಾನದಾಗ ನೀವು ಹಾರಿದಷ್ಟೂ ಮೈಲು ಇದರಾಗ ಜಮಾ ಆಗ್ತಾವ. ಮುಂದ ಒಂದಿನ ಅದರಾಗ ಟಿಕೇಟ್ ತಗೋಬೋದು."

"ಉಳ್ಳಾಗಡ್ಡಿ ಸೀಯಾಕತ್ತೈತಿ ಮಲ್ಲಪ್ಪ, ಆಮ್ಯಾಲ ಹೇಳು."

ಆಮೇಲೆ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಲಕೋಟೆ ಒಲೆಗೆ ಹೋಯಿತು. ಒಳಗಿನ ಪ್ಲಾಸ್ಟಿಕ್ ಕಾರ್ಡು ನೀಲಿ ಬಣ್ಣದ್ದು, ಉಬ್ಬಿದ ಅಂಕಿಗಳಿದ್ದವು. ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದೆ. ಬಗ್ಗುತ್ತದೆ, ಮುರಿಯುವುದಿಲ್ಲ. ಅವತ್ತೇ ಪರಾತಕ್ಕೆ ಅಂಟಿದ ಕಣಕವನ್ನು ಅದರಿಂದ ಕೆರೆದೆ. ಅದರಂಥ ಸಾಮಾನು ನಾನು ಅಂಗಡಿಯಲ್ಲಿ ಕಂಡಿಲ್ಲ. ಪಾತ್ರೆಯ ಹೊಟ್ಟೆ ಹೇಗಿದೆಯೋ ಹಾಗೆ ತಿರುಗುತ್ತದೆ, ಗೀರು ಬೀಳಿಸುವುದಿಲ್ಲ, ಒಂದು ಎಳೆ ಹಿಟ್ಟು ಬಿಡುವುದಿಲ್ಲ. ಗೋಕಾಕದಲ್ಲಿ, ಮಕ್ಕಾದಲ್ಲಿ, ಮದೀನಾದಲ್ಲಿ, ಅದು ನನ್ನ ಜೊತೆಗೇ ಇತ್ತು. ಮಲ್ಲಪ್ಪ ವರ್ಷಕ್ಕೊಮ್ಮೆ, "ಕಾರ್ಡ್ ಜೋಪಾನ ಐತೇನ್ರಿ ಖಾಲಾ?" ಎನ್ನುತ್ತಿದ್ದ. "ದಿನಾ ಕೈಯಾಗ ಇರತೈತಿ" ಎನ್ನುತ್ತಿದ್ದೆ. ಸುಳ್ಳು ಹೇಳಿಲ್ಲ. ಅವನು ಪ್ರತಿ ಟಿಕೇಟಿನಲ್ಲೂ ನನ್ನ ನಂಬರು ತಾನೇ ಬರೆಯುತ್ತಿದ್ದನಂತೆ. ಅದೂ ನನಗೆ ಗೊತ್ತಿರಲಿಲ್ಲ.

ನಡುವೆ ನನ್ನ ಗಂಡ ತೀರಿಕೊಂಡ. ನಾನು ಕೆಲಸ ಬಿಡಲಿಲ್ಲ, ಹೆಂಗಸರ ಜೊತೆ ಹೋಗುತ್ತಿದ್ದೆ. ಕಾಲ ಬದಲಾಯಿತು. ಮೊದಲು ಟಿಕೇಟು ಅಂದರೆ ಕೆಂಪು ಕಾಗದ ಅಂಟಿದ ಪುಸ್ತಕ, ಅದನ್ನು ರವಕೆಯಲ್ಲಿ ಇಟ್ಟುಕೊಂಡರೆ ಬೆವರಿಗೆ ಅಕ್ಷರ ಹೋಗುತ್ತಿತ್ತು. ಆಮೇಲೆ ಬಿಳಿ ಹಾಳೆ. ಆಮೇಲೆ ಫೋನು. ಮೊದಲು ಚೀಲವನ್ನು ಹತ್ತಿಯ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬರುತ್ತಿದ್ದೆವು, ಈಗ ಕೈಯಲ್ಲೇ ಹಿಡಿಯುವ ಕಾಟಾ ಬಂದಿದೆ. ಬದಲಾಗದೆ ಉಳಿದದ್ದು ಒಂದು: ಅಡುಗೆಯವರು ಯಾತ್ರೆಯ ಮಂದಿಗಿಂತ ಒಂದು ದಿನ ಮೊದಲು ಹೋಗಬೇಕು, ಒಂದು ದಿನ ತಡವಾಗಿ ಬರಬೇಕು. ಮೊದಲು ಹೋಗಿ ಒಲೆ ಹಚ್ಚಬೇಕು, ಕಡೆಗೆ ಉಳಿದು ಪಾತ್ರೆ ತಿಕ್ಕಬೇಕು.

ಮೊಣಕಾಲು ಕೈಕೊಟ್ಟಾಗ ಬಿಟ್ಟೆ. ಸನ್ಮಾನ ಮಾಡುತ್ತೇವೆ ಎಂದರು, ಶಾಲು ಬೇಡ ಕುಕ್ಕರ್ ಕೊಡಿ ಎಂದೆ, ಕೊಟ್ಟರು. ಗೋಕಾಕದ ನನ್ನ ಮನೆ ಚಿಕ್ಕದು. ಬಿರಿಯಾನಿಯ ದೊಡ್ಡ ಡೇಗು, ಪರಾತ, ಸೌಟು, ಆ ಕಾರ್ಡು ಎಲ್ಲವನ್ನೂ ಒಂದು ಟೆಂಪೋದಲ್ಲಿ ಹುಕ್ಕೇರಿಗೆ ಸಾಗಿಸಿ ಅಕ್ಕನ ಮನೆಯಲ್ಲಿ ಇಟ್ಟೆ.

ಮೂರು ವರ್ಷ ಆಗುತ್ತಾ ಬಂದಿತ್ತು. ಯಾತ್ರೆ ಇಲ್ಲದ ದಿನಗಳಲ್ಲಿ ರೆಹಾನಾ ಆಫೀಸಿನಲ್ಲಿ ಟಿಕೇಟಿನ ಕೆಲಸವನ್ನೂ ನೋಡುತ್ತಾಳೆ; ಒಂದು ಮಧ್ಯಾಹ್ನ ಅಲ್ಲಿಂದ ಫೋನು ಮಾಡಿದಳು.

"ಖಾಲಾ, ನಿಮ್ ಹೆಸರಿಗೆ ಆಫೀಸಿನ ಈಮೇಲಿಗೆ ಕಾಗದ ಬಂದೈತಿ. ನಿಮ್ ಮೈಲು ಈ ತಿಂಗಳ ಆಖೇರಿಗೆ ಹೋಗ್ತಾವಂತ."

"ಎಲ್ಲಿಗೆ ಹೋಗ್ತಾವ?"

"ಎಲ್ಲಿಗೂ ಅಲ್ಲ, ಸತ್ತು ಹೋಗ್ತಾವ. ಮೂರು ವರ್ಷ ವಿಮಾನ ಹತ್ತದಿದ್ರ ಎಲ್ಲಾ ಅಳಸ್ತಾರ. ಖಾಲಾ, ಇದರಾಗ ಜೆಡ್ಡಾಕ್ಕ ಒಬ್ಬರು ಹೋಗಿ ಬರೂವಷ್ಟು ಅದಾವು. ನಿಮ್ ಕಾರ್ಡ್ ನಂಬರ್ ಹೇಳ್ರಿ, ಕಾಗದದಾಗ ಕಡೀ ಮೂರು ಅಂಕಿ ಅಷ್ಟ ಅದಾವ, ಉಳಿದದ್ದು ಬರೇ ಚುಕ್ಕಿ."

ನಾನು ಕೂತಲ್ಲೇ ಲೆಕ್ಕ ಹಾಕಿದೆ. ತಿಂಗಳ ಆಖೇರಿಗೆ ನಾಲ್ಕು ದಿನ ಇತ್ತು. ಒಬ್ಬರು ಹೋಗಿ ಬರುವಷ್ಟು ಅಂದಾಗ ನನ್ನ ತಲೆಯಲ್ಲಿ ಬಂದದ್ದು ಒಂದೇ ಮುಖ.

ಮಲ್ಲಪ್ಪ ಆಗಲೇ ಕೆಲಸ ಬಿಟ್ಟು ಧುಪದಾಳದಲ್ಲಿ ಹೊಲ ನೋಡಿಕೊಂಡಿದ್ದ. ಅವನಿಗೆ ಫೋನು ಮಾಡಿ ನಂಬರು ಕೇಳಿದೆ. "ನನಗ ಹೆಂಗ ನೆನಪಿರತೈತ್ರಿ? ಹಳೇ ವಹಿ ಎಲ್ಲಾ ರದ್ದಿಗೆ ಹೋದ್ವು. ಕಾರ್ಡ್ ದಿನಾ ಕೈಯಾಗ ಇರತೈತಿ ಅಂದಿದ್ರೆಲ್ಲ" ಎಂದ. ಅವನು ನಗುತ್ತಿದ್ದನೋ ಏನೋ, ಹಿಂದೆ ಪಂಪಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಹುಕ್ಕೇರಿ ಬಸ್ಸು ಹತ್ತಿದೆ. ಅಕ್ಕ ಅಂಗಳದಲ್ಲಿ ಮೊಮ್ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಕೋಳಿ ಓಡಿಸುತ್ತಿದ್ದಳು. ಕೂಸಿಗೆ ಒಂದೂವರೆ ವರ್ಷ, ಹೆಸರು ಆಯಿಷಾ. ಅದರ ತಾಯಿ ಶಬಾನಾ ಅಂಗನವಾಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ತಂದೆ ಸಂಕೇಶ್ವರದ ಸಕ್ಕರೆ ಕಾರ್ಖಾನೆಯಲ್ಲಿ. ಹಗಲೆಲ್ಲ ಕೂಸು ಅಕ್ಕನ ಪಾಲು.

"ಆ ನೀಲಿ ಕಾರ್ಡ್ ಎಲ್ಲೈತಿ?" ಎಂದೆ.

"ಹಿಟ್ಟಿನ ಡಬ್ಬಿ ಮ್ಯಾಲ. ಬಂದಕೂಡ್ಲೆ ಹಿಟ್ಟು ನಾದಾಕ ಬಂದಿಯೇನ? ಚಾ ಕುಡಿ ಮೊದ್ಲ."

ಕಾರ್ಡು ನೀಲಿಯಾಗಿ ಉಳಿದಿರಲಿಲ್ಲ. ಮುಂದಿನ ಮೈಯಲ್ಲಿ ಅಂಕಿಗಳ ಬಣ್ಣ ಪೂರ್ತಿ ಹೋಗಿತ್ತು. ನಡುವಿನ ಅಂಕಿಗಳ ಉಬ್ಬೂ ಸವೆದಿತ್ತು. ಹನ್ನೆರಡು ವರ್ಷ ನನ್ನ ಹೆಬ್ಬೆರಳು ಒತ್ತಿದ್ದ ಜಾಗ ಅದು, ಆಮೇಲೆ ಅಕ್ಕನ ಹೆಬ್ಬೆರಳು. ಬೆಳಕಿಗೆ ಹಿಡಿದೆ, ಅರಿಶಿನ ಸವರಿದೆ, ಶಬಾನಾ ಬಂದ ಮೇಲೆ ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದಳು. ಏನೂ ಕಾಣಲಿಲ್ಲ. ವಿಷಯ ಏನೆಂದು ನಾನು ಇನ್ನೂ ಅಕ್ಕನಿಗೆ ಹೇಳಿರಲಿಲ್ಲ, ನಂಬರು ಬೇಕು ಅಂತಷ್ಟೇ ಹೇಳಿದ್ದೆ.

ಅಕ್ಕ ಸ್ವಲ್ಪ ಹೊತ್ತು ನಮ್ಮ ಒದ್ದಾಟ ನೋಡಿ ಕಾರ್ಡನ್ನು ಕಸಿದುಕೊಂಡಳು. ಅದನ್ನು ಬೆನ್ನ ಕಡೆಗೆ ತಿರುಗಿಸಿದಳು. ಮುಂದೆ ಉಬ್ಬಿದ ಅಂಕಿಗೆ ಹಿಂದೆ ತಗ್ಗು ಇರುತ್ತದಲ್ಲ, ಆ ತಗ್ಗುಗಳಲ್ಲಿ ಒಣಗಿದ ಹಿಟ್ಟು ಕಲ್ಲಿನಂತೆ ಕೂತಿತ್ತು. ತಲೆಯ ಪಿನ್ನು ತೆಗೆದು ಒಂದೊಂದೇ ಕುಳಿಯನ್ನು ಕೆದರಿದಳು. "ಮೌಲಾಬಿ, ಗೋದಿ ಹಿಟ್ಟು ಕಲಸು, ಗಟ್ಟಿಯಾಗಿ" ಎಂದಳು. ಕಲಸಿಕೊಟ್ಟೆ. ಕಣಕವನ್ನು ಹಲಗೆಯ ಮೇಲೆ ತಟ್ಟಿ, ಕಾರ್ಡಿನ ಬೆನ್ನನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತಿ, ಮೆಲ್ಲಗೆ ಬಿಡಿಸಿದಳು. ಕಣಕದ ಮೇಲೆ ಅಂಕಿಗಳು ಎದ್ದು ನಿಂತಿದ್ದವು, ನೆಟ್ಟಗೆ, ಕರ್ಚಿಕಾಯಿಯ ಅಚ್ಚಿನ ಹಾಗೆ. ಶಬಾನಾ ಓದಿದಳು. ಒಂದು ಅಂಕಿ ಮಾತ್ರ ಮೂರೋ ಎಂಟೋ ತಿಳಿಯಲಿಲ್ಲ.

ರೆಹಾನಾಳಿಗೆ ಹೇಳಿದೆವು. ಮೂರು ಹಾಕಿದಳು, ಆಗಲಿಲ್ಲ. ಎಂಟು ಹಾಕಿದಳು, ಆಯಿತು. ಆಮೇಲೆ ಕಂಪನಿಯ ಹುಡುಗಿ ಫೋನಿನಲ್ಲಿ ಬಂದು ಹಿಂದಿಯಲ್ಲಿ ನನ್ನ ಜನ್ಮತಾರೀಖು ಕೇಳಿದಳು. ಜೂನ್ ಒಂದು ಎಂದೆ. ನಮ್ಮ ಮೂಡಲಗಿ ಸಾಲಿಯ ಮಾಸ್ತರು ಆ ಕಾಲದಲ್ಲಿ ಎಲ್ಲ ಮಕ್ಕಳನ್ನೂ ಜೂನ್ ಒಂದಕ್ಕೇ ಹುಟ್ಟಿಸುತ್ತಿದ್ದರು, ನೆನಪಿಡಲು ಸುಲಭ. ನನ್ನ ಫೋನಿಗೆ ಒಂದು ಗುಪ್ತ ನಂಬರು ಬಂತು, ಹೇಳಿದೆವು, ಖಾತೆ ತೆರೆಯಿತು.

ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ರೆಹಾನಾ ಹೇಳಿದ್ದನ್ನು ಇಲ್ಲಿ ನೀವು ಗಮನ ಇಟ್ಟು ಓದಿ, ಮಲ್ಲಪ್ಪನ ಮಾತಿಗೆ ನಾನು ಕಿವಿಗೊಡದ ಹಾಗೆ ನೀವು ಮಾಡಬೇಡಿ. ಮೈಲಿನಿಂದ ಕೊಡುವ ಸೀಟು ವಿಮಾನದಲ್ಲಿ ಕೆಲವೇ ಇರುತ್ತವೆ, ಬೇಕಾದ ದಿನ ಸಿಗುವುದಿಲ್ಲ, ಸಿಕ್ಕ ದಿನಕ್ಕೆ ನೀವೇ ಹೊಂದಿಕೊಳ್ಳಬೇಕು. ಟಿಕೇಟು ಮೈಲಿನದಾದರೂ ತೆರಿಗೆ ಕೈಯಿಂದಲೇ ಕಟ್ಟಬೇಕು. ಆದರೆ ಒಂದು ಅನುಕೂಲ ಇದೆ: ಮೈಲು ಸಾಯುವುದರೊಳಗೆ ಟಿಕೇಟು ಮಾಡಿಸಿದರೆ ಸಾಕು, ಹೋಗುವುದು ಎರಡು ತಿಂಗಳು ಬಿಟ್ಟಾದರೂ ನಡೆಯುತ್ತದೆ. ನನ್ನ ಹೆಸರಿನ ಮೈಲಿನಿಂದ ಅಕ್ಕನ ಹೆಸರಿಗೂ ಮಾಡಿಸಬಹುದು.

ಹಾಜಿಸಾಬರ ಮುಂದಿನ ಯಾತ್ರೆ ಹೊರಡುವ ದಿನ ಮೈಲಿನ ಸೀಟು ಒಂದೂ ಇರಲಿಲ್ಲ. ಆ ವಾರದಲ್ಲಿ ಇದ್ದದ್ದು ಒಂದು ದಿನ ಮೊದಲು, ಒಂದೇ ಒಂದು. ವಿಮಾನದ ಮೆಟ್ಟಿಲನ್ನೇ ಕಾಣದ ಎಪ್ಪತ್ತು ವರ್ಷದವಳನ್ನು ಒಬ್ಬಳನ್ನೇ ಕಳಿಸುವುದು ಹೇಗೆ ಎಂದು ನಾನು ಹೇಳುತ್ತಿರುವಾಗಲೇ ರೆಹಾನಾ, "ಖಾಲಾ, ಒಂದಿನ ಮೊದ್ಲ ಯಾರು ಹೋಗ್ತಾರ?" ಎಂದಳು.

ಅಡುಗೆಯವರು. ಬರುವಾಗಲೂ ಅಡುಗೆಯವರು ಬರುವ ದಿನಕ್ಕೆ ಸೀಟಿತ್ತು.

ಆಗ ಅಕ್ಕನಿಗೆ ಹೇಳಿದೆ. ಅವಳು ಕಣಕದ ಮೇಲಿನ ಅಂಕಿಗಳನ್ನು ಮುದ್ದೆ ಮಾಡಿ ಮತ್ತೆ ನಾದುತ್ತಾ, ತಲೆ ಎತ್ತದೆ, "ಕೂಸು ಯಾರ ಕಡೆ?" ಎಂದಳು.

"ಅದನ್ನ ಆಮ್ಯಾಲ ನೋಡೋಣ."

"ಆಮ್ಯಾಲ ಅಂದ್ರ? ಇಕಿ ಕೆಲಸ ಬಿಡಬೇಕೇನ? ಬರೋ ವರ್ಷ ಕೂಸು ಇಕಿ ಜೋಡಿ ಅಂಗನವಾಡಿಗೆ ಹೋಗತೈತಿ, ಆವಾಗ ನೋಡೋಣಂತ."

"ಬರೋ ವರ್ಷ ಮೈಲೂ ಇರಂಗಿಲ್ಲ, ನೀನೂ ಇರ್ತೀಯೋ ಇಲ್ಲೋ."

ಶಬಾನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕನಿಗೆ ಸಿಟ್ಟು ಬರಲಿಲ್ಲ, ಬೇರೆ ನೆಪ ಹುಡುಕಿದಳು. "ಪುಕ್ಕಟೆ ಟಿಕೇಟಿನ ಉಮ್ರಾ ಕಬೂಲ್ ಆಗತೈತೇನ?"

"ಪುಕ್ಕಟೆ ಅಲ್ಲ. ನನ್ನ ಎರಡೂ ಮೊಣಕಾಲು ಕೊಟ್ಟೇನಿ. ನೀನು ನನ್ನ ಮೂರು ಮಕ್ಕಳ್ನ ನೋಡ್ಕೊಂಡಿ, ಅದಕ್ಕ ನಾ ಹಾರೇನಿ. ಅರ್ಧ ಮೈಲು ನಿನ್ನವ ಅದಾವ."

"ನೋಡ್ಕೊಂಡಾಗ ನಾ ಏನಾರ ಕೇಳೇನೇನ?"

"ಕೇಳಿಲ್ಲ. ಕೇಳಬೇಕಿತ್ತು."

ಅವಳು ಮತ್ತೆ ನಾದಿದಳು. ಕೂಸು ಬಂದು ಅವಳ ಬೆನ್ನಿಗೆ ಅಂಟಿಕೊಂಡು ನಿಂತಿತು. ಇಷ್ಟು ವರ್ಷ ಅವಳನ್ನು ಹಿಡಿದಿದ್ದದ್ದು ದುಡ್ಡಲ್ಲ, ಪಾಸ್‌ಪೋರ್ಟ್ ಅಲ್ಲ. ಯಾವುದೋ ಒಂದು ಕೂಸು. ಮೊದಮೊದಲು ಅದು ನನ್ನದೇ.

"ನಾ ನೋಡ್ಕೋತೇನಿ" ಎಂದೆ.

ಅಕ್ಕ ನಾದುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದಳು, ಕಣ್ಣಲ್ಲಿ ನೀರು ಬರುವಷ್ಟು. "ನೀನಾ? ನಿನ್ನ ಕೂಸು ಅತ್ರ ನನ್ನ ಕಡೆ ದಬ್ಬಿ ಉಳ್ಳಾಗಡ್ಡಿ ಹೆಚ್ಚಾಕ ಹೋಗಾಕಿ ನೀನು. ಶಬಾನಾ, ಕೇಳಿದೇನ? ಇಕಿ ಕೂಸು ಆಡಸ್ತಾಳಂತ."

ಮಾತು ಖರೆ. ನನಗೆ ನೂರು ಮಂದಿಗೆ ಅಡುಗೆ ಮಾಡಲು ಬರುತ್ತದೆ, ಒಂದು ಕೂಸನ್ನು ಮಲಗಿಸಲು ಬರುವುದಿಲ್ಲ. ಆದರೂ, "ಹದಿನೇಳು ದಿನ. ಜೀವಂತ ಇಡ್ತೇನಿ, ಅದರ ಮ್ಯಾಲ ಏನೂ ಮಾತು ಕೊಡಂಗಿಲ್ಲ" ಎಂದೆ. ಶಬಾನಾ ನಡುವೆ ಬಂದು, "ಅತ್ತೀ, ನೀವು ಹೋಗಬೇಕ್ರಿ. ನಾನೂ ಸಂಜೀಕ ಲಗೂನ ಬರ್ತೇನಿ" ಎಂದಳು. ಅಕ್ಕ ಮುಖ ಒರೆಸಿಕೊಂಡು, "ಆ ಕಾರ್ಡ್ ನೀ ಒಯ್ಯಬ್ಯಾಡ ಮತ್ತ. ಹಿಟ್ಟು ಕೆರೆಯಾಕ ಬೇಕು" ಎಂದಳು. ಒಪ್ಪಿಗೆ ಅಂದರೆ ಅವಳದು ಇದೇ. ಅವತ್ತೇ ರೆಹಾನಾ ಟಿಕೇಟು ಮಾಡಿದಳು. ತೆರಿಗೆಯನ್ನು ಅಕ್ಕ ಕೋಳಿ ಮಾರಿ ಕೂಡಿಟ್ಟದ್ದರಲ್ಲಿ ಕಟ್ಟಿದಳು, ನನ್ನನ್ನು ಕಟ್ಟಲು ಬಿಡಲಿಲ್ಲ. ಅಲ್ಲಿ ಇರುವ, ತಿರುಗಾಡುವ ಖರ್ಚನ್ನು ಅವಳ ಮಗ ಹಾಜಿಸಾಬರಿಗೆ ಕೊಟ್ಟ.

ರೆಹಾನಾ ಈಗ ತನಗೂ ಒಂದು ಖಾತೆ ಮಾಡಿಸಿಕೊಂಡಿದ್ದಾಳೆ. ಅವಳ ಕಾರ್ಡು ಫೋನಿನೊಳಗೇ ಇರುತ್ತದೆ. ಅದರಿಂದ ಹಿಟ್ಟು ಕೆರೆಯಲು ಬರುವುದಿಲ್ಲ, ಅದೊಂದು ಕೊರತೆ.

ಎರಡು ತಿಂಗಳ ಮೇಲೆ ಸಂಕೇಶ್ವರದ ಹೆದ್ದಾರಿಯಲ್ಲಿ ಮುಂಬೈ ಬಸ್ಸಿಗೆ ಕಾಯುತ್ತಾ ನಿಂತೆವು. ಸಂಜೆ ಐದಕ್ಕೆ ಬಸ್ಸು. ರೆಹಾನಾ ಖಾರದಪುಡಿಯನ್ನು ಮೂರು ಭಾಗ ಮಾಡಿ ಮೂರು ಚೀಲದಲ್ಲಿ ಹಾಕಿದ್ದಳು, ನೋಡಿ ಸಮಾಧಾನವಾಯಿತು. ಅಕ್ಕನ ಕೈಚೀಲವನ್ನು ಎತ್ತಿ ನೋಡಿದೆ, ಭಾರ ಅನ್ನಿಸಿತು. ಬಿಚ್ಚಿದೆ. ಕುರಾನ್ ಷರೀಫ್, ಗುಳಿಗೆ, ಒಂದು ಜೋಡಿ ಬಟ್ಟೆ, ಅವುಗಳ ನಡುವೆ ಟಾವೆಲ್ಲಿನಲ್ಲಿ ಸುತ್ತಿದ ಲಟ್ಟಣಿಗೆ.

"ಇದ್ಯಾಕ?"

"ರೆಹಾನಾಗ ಬೇಕಾಗತೈತಿ ಅಂತ. ನೀನ ಹೇಳಿದ್ದಿ, ಅಲ್ಲಿ ಲಟ್ಟಣಿಗಿ ಇಲ್ಲದ ಬಾಳ ತ್ರಾಸ ಆಗಿತ್ತಂತ."

ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಬಸ್ಸು ಬಂತು. ಅಕ್ಕ ಹತ್ತುವಾಗ ದುವಾ ಮಾಡುತ್ತೇನೆ ಅಂತಾಗಲಿ, ಮಾಫ್ ಮಾಡು ಅಂತಾಗಲಿ ಏನೂ ಅನ್ನಲಿಲ್ಲ. ಕಿಟಕಿಯಿಂದ ತಲೆ ಹಾಕಿ, "ಹಾಲಿಗೆ ಸಕ್ಕರಿ ಹಾಕಬ್ಯಾಡ, ಹಟ ಕಲೀತೈತಿ. ಹತ್ತಕ್ಕ ಮಲಗಸು. ಕೋಳಿ ಹಿಂದ ಬಿಡಬ್ಯಾಡ" ಎಂದಳು. "ಹೋಗ್ ಮೊದ್ಲ, ಬಸ್ ತಪ್ಪತೈತಿ" ಎಂದೆ. ಅವಳು ಬಸ್ಸಿನಲ್ಲೇ ಕೂತಿದ್ದಳು, ಬಸ್ಸು ತಪ್ಪುವ ಮಾತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಶಬಾನಾ ಅಂಗನವಾಡಿಗೆ ಹೋದಳು. ಅವಳು ಓಣಿ ದಾಟುವ ಮೊದಲೇ ಕೂಸು ಅಳಲು ಹತ್ತಿತು. ಎತ್ತಿಕೊಂಡೆ, ಒದೆಯಿತು. ಕೆಳಗೆ ಬಿಟ್ಟೆ, ಕೋಳಿಯ ಹಿಂದೆ ಓಡಿತು. ಹಿಡಿಯಲು ನನ್ನ ಮೊಣಕಾಲು ಬರಲಿಲ್ಲ. ಕಡೆಗೆ ಮೂಲೆಯಲ್ಲಿದ್ದ ನನ್ನ ಬಿರಿಯಾನಿಯ ಡೇಗನ್ನು ಅಂಗಳಕ್ಕೆ ಉರುಳಿಸಿ ತಂದು, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ, ಒಳಗೆ ಹಳೆಯ ಕೌದಿ ಹಾಸಿ, ಕೂಸನ್ನು ಅದರಲ್ಲಿ ಕೂರಿಸಿದೆ. ಕೈಗೆ ಲಟ್ಟಣಿಗೆ ಕೊಟ್ಟೆ. ಅದು ಒಂದು ಸಲ ಡೇಗಿಗೆ ಬಡಿದು ಸದ್ದು ಕೇಳಿತು. ಇನ್ನೊಂದು ಸಲ ಬಡಿಯಿತು. ಆಮೇಲೆ ನಿಲ್ಲಿಸಲೇ ಇಲ್ಲ. ಆ ಸದ್ದಿನಲ್ಲೇ ನಾನು ಮಧ್ಯಾಹ್ನದ ಚಪಾತಿಗೆ ಕಣಕ ನಾದಿ, ಪರಾತಕ್ಕೆ ಅಂಟಿದ ಹಿಟ್ಟನ್ನು ಆ ಕಾರ್ಡಿನಿಂದ ಕೆರೆದೆ.